400 ಜನಕ್ಕೊಬ್ಬ ಮೆಂಬರು

ಮೂಡಿಗೆರೆ ಕಡೆ ಗ್ರಾಮ ಪಂಚಾಯ್ತಿ ಎಲೆಕ್ಷನ್ ಬಂತೆಂದರೆ ಬೆಂಗಳೂರಲ್ಲಿ ಕೆಲಸಕ್ಕಿರುವ ಹುಡುಗರಿಗೂ ಊರಿಂದ ಫೋನ್ ಹೋಗುತ್ತದೆ. 'ಬಂದು ಒಂದು ಓಟು ಹಾಕಿ ಹೋಗೋ ಮಾರಾಯ.' ಫೋನ್ ಮಾಡುವುದು ಪಕ್ಷದವರಲ್ಲ, ಚಿಕ್ಕಪ್ಪ. ಈ ಎಲೆಕ್ಷನ್ನಿಗೆ ಪಕ್ಷದ ಚಿಹ್ನೆಯೇ ಇಲ್ಲವಲ್ಲ.

ಲೆಕ್ಕ ಸುಲಭ. ಇಲ್ಲಿ ಸುಮಾರು 400 ಜನಕ್ಕೊಬ್ಬ ಮೆಂಬರು. ಮಕ್ಕಳನ್ನು ಬಿಟ್ಟರೆ ಓಟು ಇನ್ನೂ ಕಡಿಮೆ. ಒಂದೆರಡು ಓಟಿನಲ್ಲಿ ಗೆದ್ದವರಿದ್ದಾರೆ, ಸಮ ಬಿದ್ದು ಚೀಟಿ ಎತ್ತಿದ್ದೂ ಉಂಟು. 2020ರ ಪಂಚಾಯ್ತಿ ಚುನಾವಣೆಯಲ್ಲಿ ರಾಜ್ಯದಲ್ಲಿ ನೂರಕ್ಕೆ 80ಕ್ಕಿಂತ ಜಾಸ್ತಿ ಮತದಾನವಾಯಿತು. 2023ರ ವಿಧಾನಸಭೆಗೆ 73ರ ಆಸುಪಾಸು. ಈ ಹೋಲಿಕೆಯಲ್ಲಿ ಸ್ವಲ್ಪ ಮೋಸವಿದೆ, ಒಪ್ಪಿಕೊಳ್ಳಬೇಕು. ಓಟು ಹಾಕಲು ಸೋಮಾರಿಯಾದ ಬೆಂಗಳೂರು ನಗರ ಮೊದಲನೆಯದರಲ್ಲಿ ಇಲ್ಲವೇ ಇಲ್ಲ.

ಸಣ್ಣ ಘಟಕಗಳನ್ನು ಒಂದುಗೂಡಿಸಿದರೆ ಏನಾಗುತ್ತದೆ? ಡೆನ್ಮಾರ್ಕ್ 2007ರಲ್ಲಿ 271 ಸ್ಥಳೀಯ ಆಡಳಿತಗಳನ್ನು ಸೇರಿಸಿ 98 ಮಾಡಿತು. ಅವುಗಳ ಮೇಲೆ ನಮ್ಮ ಜಿಲ್ಲೆಯಂತಿದ್ದ ಕೌಂಟಿಗಳನ್ನೂ ರದ್ದು ಮಾಡಿತು. ಕೆಲವು ಊರುಗಳು ಮಾತ್ರ ಮೊದಲಿದ್ದಂತೆಯೇ ಉಳಿದವು. ಸಂಶೋಧಕರಿಗೆ ಇದು ಹಬ್ಬ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು. ವಿಲೀನವಾದ ಕಡೆ 'ಊರಿನ ರಾಜಕೀಯ ನನಗೆ ಅರ್ಥವಾಗುತ್ತೆ, ನಾನೂ ಮಾತಾಡಬಲ್ಲೆ' ಎನ್ನುವ ಧೈರ್ಯ ಜನರಲ್ಲಿ ಕುಗ್ಗಿತ್ತು. ಗಮನಿಸಿ, ಬೂತು ದೂರವಾಗಬೇಕೆಂದೇನೂ ಇಲ್ಲ. ಅದೇ ಶಾಲೆ, ಅದೇ ಕೋಣೆ ಇದ್ದರೂ ಅಭ್ಯರ್ಥಿ ದೂರವಾಗುತ್ತಾನೆ. ಫೋನ್ ಮಾಡುವ ಚಿಕ್ಕಪ್ಪನಿಗೂ ಅವನು ಯಾರೋ ಆಗಿಬಿಡುತ್ತಾನೆ.

ನಾವು ಇದರ ಉಲ್ಟಾ ಮಾಡಿದವರು. 1983ರ ಕಾಯ್ದೆಯಲ್ಲಿ ಈಗಿನ ಗ್ರಾಮ ಪಂಚಾಯ್ತಿಯ ಜಾಗದಲ್ಲಿದ್ದ ಮಂಡಲ ಪಂಚಾಯ್ತಿಗೆ 8,000ದಿಂದ 12,000 ಜನ ಬೇಕಿತ್ತು. 1993ರ ಕಾಯ್ದೆ ಅದನ್ನು 5,000–7,000ಕ್ಕೆ ಇಳಿಸಿತು. ಹಾಸನ, ಚಿಕ್ಕಮಗಳೂರಿನಂಥ ಜಿಲ್ಲೆಗಳಲ್ಲಿ 2,500 ಇದ್ದರೂ ಸಾಕು ಎಂದಿತು. ತೋಟ, ಕಾಡು, ಹಳ್ಳ ದಾಟಿ ಒಂದೊಂದು ಮನೆ ಇರುವ ಮಲೆನಾಡಿಗೆ ಇದು ಸರಿಯಾದ ಅಳತೆ.

ಈಗ ತಾಲ್ಲೂಕು ಪಂಚಾಯ್ತಿ ಯಾಕೆ ಬೇಕು, ತೆಗೆದುಬಿಡಿ ಅನ್ನುವ ಮಾತು ಆಗಾಗ ಏಳುತ್ತದೆ. ಸುಮ್ನೆ ತೆಗೆಯಲು ಬರುವುದಿಲ್ಲ. ಹಳ್ಳಿಗೂ ಜಿಲ್ಲೆಗೂ ನಡುವಿನ ಈ ಹಂತವನ್ನು ಬಿಡುವ ವಿನಾಯಿತಿಯನ್ನು ಸಂವಿಧಾನ 20 ಲಕ್ಷ ಮೀರದ ಜನರಿರುವ ರಾಜ್ಯಕ್ಕೆ ಮಾತ್ರ ಕೊಟ್ಟಿದೆ. ತೆಗೆದರೂ ಮತದಾನಕ್ಕೆ ದೊಡ್ಡ ಪೆಟ್ಟು ಬೀಳಲಾರದು ಅಂತ ನನ್ನ ಅಂದಾಜು. ತಾಲ್ಲೂಕಿಗೂ ಜಿಲ್ಲೆಗೂ ಒಂದೇ ದಿನ, ಒಂದೇ ಬೂತಿನಲ್ಲಿ ಎರಡು ಓಟು ಹಾಕುತ್ತಿದ್ದೆವು, ಅಲ್ವಾ? ಎರಡರ ಬದಲು ಒಂದು ಹಾಕುತ್ತೇವೆ, ಅಷ್ಟೆ. ಆದರೆ ಖರ್ಚು ಉಳಿಸಲೆಂದು ನಾಲ್ಕು ಗ್ರಾಮ ಪಂಚಾಯ್ತಿ ಸೇರಿಸಿ ಒಂದು ಮಾಡಿ, ಮೆಂಬರುಗಳನ್ನೂ ಕಡಿಮೆ ಮಾಡಿದರೆ, ಬೆಂಗಳೂರಿನ ಹುಡುಗ ರಜೆ ಹಾಕಿ ರಾತ್ರಿ ಬಸ್ಸು ಹತ್ತುತ್ತಾನೆ ಅನ್ನಿಸುವುದಿಲ್ಲ.