ಗ್ಲಾಸಲ್ಲಿ ನೀರು ಕಾಣ್ತಿಲ್ಲ, ಏನು ಮಾಡ್ತೀರಿ?

ಓದುಗರ ಪ್ರಶ್ನೆ: ಐಟಿಐಯಲ್ಲಿ ಎಒಸಿಪಿ (ಅಟೆಂಡೆಂಟ್ ಆಪರೇಟರ್ ಕೆಮಿಕಲ್ ಪ್ಲಾಂಟ್) ಮುಗಿಸಿದ್ದೇನೆ, ಅಪ್ರೆಂಟಿಸ್ ಆಗಿದೆ, ಸೆಕೆಂಡ್ ಕ್ಲಾಸ್ ಬಾಯ್ಲರ್ ಸರ್ಟಿಫಿಕೇಟೂ ಇದೆ. ಮುಂದಿನ ವಾರ ಪ್ಲಾಂಟ್ ಆಪರೇಟರ್ ಇಂಟರ್‌ವ್ಯೂ. ಏನು ಓದಿಕೊಂಡು ಹೋಗಲಿ?

ಕಬ್ಬು ನುರಿಸುವ ಹಂಗಾಮು ಹತ್ತಿರ ಬಂತೆಂದರೆ ಈ ಪ್ರಶ್ನೆ ಬಂತು ಎಂದೇ ಲೆಕ್ಕ. ಉತ್ತರವೂ ಅದೇ ಹಳೆಯದು: ಹೊಸದಾಗಿ ಏನನ್ನೂ ಓದಬೇಡಿ. ಮೊಬೈಲಿನಲ್ಲಿ ಓಡಾಡುವ ‘200 ಪ್ರಶ್ನೋತ್ತರ’ವನ್ನಂತೂ ಮುಟ್ಟಲೇಬೇಡಿ. ಖಾಲಿ ಹಾಳೆ ತೆಗೆದುಕೊಂಡು ನೀವು ಕೆಲಸ ಮಾಡಿದ ಪ್ಲಾಂಟಿನ ಲೈನನ್ನು ನೆನಪಿನಿಂದ ಬರೆಯಿರಿ. ಸಾಫ್ಟ್‌ನರ್ (ನೀರಿನ ಗಡಸುತನ ತೆಗೆಯುವುದು), ಫೀಡ್ ಟ್ಯಾಂಕ್, ಫೀಡ್ ಪಂಪ್ (ಬಾಯ್ಲರಿಗೆ ನೀರು ತಳ್ಳುವುದು), ನಾನ್ ರಿಟರ್ನ್ ವಾಲ್ವ್, ಎಕನಾಮೈಸರ್, ಬಾಯ್ಲರ್, ಮೇನ್ ಸ್ಟೀಮ್ ವಾಲ್ವ್, ಹೆಡರ್, ಟ್ರ್ಯಾಪ್, ಕಂಡೆನ್ಸೇಟ್ ವಾಪಸ್ ಬರುವ ದಾರಿ. ಒಂದೊಂದರ ಪಕ್ಕ ಒಂದು ಅಂಕಿ: ಗಂಟೆಗೆ ಎಷ್ಟು ಟನ್ ಸ್ಟೀಮು, ಪ್ರೆಶರ್ ಎಷ್ಟು ಕೆಜಿ (ಚದರ ಸೆಂಟಿಮೀಟರಿಗೆ), ಫೀಡ್ ನೀರು ಎಷ್ಟು ಡಿಗ್ರಿ, ಚಿಮಣಿ ಹೊಗೆ ಎಷ್ಟು ಡಿಗ್ರಿ, ಪಂಪಿನ ಮೋಟಾರು ಎಷ್ಟು ಆಂಪಿಯರ್ ಎಳೆಯುತ್ತದೆ. ಒಂದು ವರ್ಷ ಬಾಯ್ಲರ್ ಮುಂದೆ ನಿಂತವನು ‘ಎಷ್ಟು ಟನ್ನಿಂದು?’ ಎಂದು ಕೇಳಿದರೆ ‘ದೊಡ್ಡದೇ ಸರ್’ ಎಂದುಬಿಟ್ಟರೆ ಇಂಟರ್‌ವ್ಯೂ ಅಲ್ಲಿಗೇ ಮುಗಿಯಿತು. ಇಂಗ್ಲಿಷ್ ಬರಬೇಕಾ ಎಂದು ಕೇಳುವವರಿಗೆ: ವಾಲ್ವು, ಗೇಜುಗಳ ಹೆಸರು ಬಂದರೆ ಸಾಕು, ಮಿಕ್ಕಿದ್ದನ್ನು ಕನ್ನಡದಲ್ಲೇ ಹೇಳಿ.

ಪಂಪಿನ ಪ್ರಶ್ನೆ ಬಂದೇ ಬರುತ್ತದೆ. ಸೆಂಟ್ರಿಫ್ಯೂಗಲ್ ಪಂಪ್ ಸ್ಟಾರ್ಟ್ ಮಾಡುವಾಗ ಸಕ್ಷನ್ ಪೂರ್ತಿ ತೆರೆದಿರಬೇಕು, ಗಾಳಿ ಬಿಟ್ಟು ಕೇಸಿಂಗ್ ತುಂಬಿಸಿರಬೇಕು, ಡಿಸ್ಚಾರ್ಜ್ ಮುಚ್ಚಿರಬೇಕು. ಸ್ಟಾರ್ಟ್ ಆಗಿ ಪ್ರೆಶರ್ ಏರಿದ ಮೇಲೆ ಡಿಸ್ಚಾರ್ಜನ್ನು ನಿಧಾನಕ್ಕೆ ತೆರೆಯಬೇಕು. ಮುಚ್ಚಿಟ್ಟೇ ಓಡಿಸಿದರೆ ಒಳಗಿನ ನೀರು ಕಾದು ಸೀಲು ಸುಡುತ್ತದೆ. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ‘ಫರ್ನೇಸ್ ಆಯಿಲ್ ಗೇರ್ ಪಂಪಿಗೂ ಹಾಗೇನಾ?’ ಎಂದು ಕೇಳಿದಾಗ ಅರ್ಧ ಜನ ‘ಹೌದು ಸರ್’ ಎಂದು ತಲೆಯಾಡಿಸುತ್ತಾರೆ. ಅಲ್ಲ. ಗೇರ್, ಸ್ಕ್ರೂ, ಪ್ಲಂಜರ್ ಪಂಪುಗಳಿಗೆ ಡಿಸ್ಚಾರ್ಜ್ ತೆರೆದೇ ಇರಬೇಕು. ಮುಚ್ಚಿದ್ದರೆ ಪ್ರೆಶರ್ ಏರುತ್ತಲೇ ಹೋಗುತ್ತದೆ. ರಿಲೀಫ್ ವಾಲ್ವ್ ಎತ್ತದಿದ್ದರೆ ಪೈಪೋ ಕೇಸಿಂಗೋ ಒಡೆಯುತ್ತದೆ.

ಇನ್ನು ನನ್ನ ತಾಳ್ಮೆ ಕೆಡಿಸುವ ವಿಷಯಕ್ಕೆ ಬರೋಣ: ಬಾಯ್ಲರಿನೊಳಗಿನ ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆ, ಅಂದರೆ ಗೇಜ್ ಗ್ಲಾಸ್. ‘ಗೇಜ್ ಗ್ಲಾಸಲ್ಲಿ ನೀರು ಕಾಣ್ತಿಲ್ಲ, ಏನ್ ಮಾಡ್ತೀಯಪ್ಪ?’ ಹತ್ತರಲ್ಲಿ ಎಂಟು ಮಂದಿ ಥಟ್ಟನೆ ‘ಫೀಡ್ ಪಂಪ್ ಹಾಕ್ತೀನಿ ಸರ್’ ಎನ್ನುತ್ತಾರೆ. ಕೆಲವರು ಇನ್ನೂ ಹುರುಪಿನಿಂದ ‘ಎರಡೂ ಪಂಪ್ ಹಾಕ್ತೀನಿ’ ಎನ್ನುತ್ತಾರೆ. ತಪ್ಪು. ಎಷ್ಟು ಸಲ ಬರೆದರೂ ಈ ಉತ್ತರ ಸಾಯುವುದಿಲ್ಲ. ಯಾಕೆಂದರೆ ಅದು ಅರ್ಧ ನಿಜ. ಮಟ್ಟ ಇಳಿದಿದೆ, ಆದರೂ ಗ್ಲಾಸಿನೊಳಗೆ ಕಾಣುತ್ತಿದೆ ಎಂದಾದರೆ ನೀರು ಕೊಡುವುದೇ ಸರಿ. ಗ್ಲಾಸಿನ ಕೆಳಗೆ ಹೋಯಿತೋ, ಆಮೇಲೆ ಅದು ಒಂದು ಇಂಚು ಕೆಳಗಿದೆಯೋ ಟ್ಯೂಬುಗಳೇ ಬರಿದಾಗಿವೆಯೋ ಹೊರಗಿನಿಂದ ಯಾರಿಗೂ ಗೊತ್ತಾಗದು.

10 ಕೆಜಿ ಪ್ರೆಶರಿನಲ್ಲಿ ಬಾಯ್ಲರಿನೊಳಗಿನ ನೀರು ಸುಮಾರು 184 ಡಿಗ್ರಿಯಲ್ಲಿ ಕುದಿಯುತ್ತದೆ. ಒಂದು ಕಡೆ ಸಾವಿರ ಡಿಗ್ರಿ ಬೆಂಕಿ ಇದ್ದರೂ ಟ್ಯೂಬು ಉಳಿದಿರುವುದು ಇನ್ನೊಂದು ಕಡೆ ನೀರು ತಾಗಿಕೊಂಡಿರುವುದರಿಂದ. ಬಿಸಿಯನ್ನು ಆ ನೀರು ಹೊತ್ತೊಯ್ಯುತ್ತಿರುತ್ತದೆ. ನೀರು ಇಳಿದ ಜಾಗದಲ್ಲಿ ಲೋಹ ಕೆಲವೇ ನಿಮಿಷದಲ್ಲಿ 500 ಡಿಗ್ರಿ ದಾಟುತ್ತದೆ, ಅದರ ಬಲ ಕುಸಿಯುತ್ತದೆ. ಅದರ ಮೇಲೆ 80 ಡಿಗ್ರಿಯ ಫೀಡ್ ನೀರು ಬಿಟ್ಟರೆ? ದೋಸೆ ಹುಯ್ಯುವ ಮುಂಚೆ ಕಾದ ಕಾವಲಿಗೆ ನೀರು ಚಿಮುಕಿಸುತ್ತಾರಲ್ಲ, ಆ ‘ಚುಂಯ್’ ನೆನಪಿಸಿಕೊಳ್ಳಿ. ಕಾವಲಿಗೆ ಮುಚ್ಚಳವಿಲ್ಲ, ಆವಿ ಅಡುಗೆಮನೆಗೆ ಹೋಗುತ್ತದೆ. ಬಾಯ್ಲರಿಗೆ ಸುತ್ತಲೂ ಗೋಡೆ. ಬಯಲು ಒತ್ತಡದಲ್ಲಿ ಒಂದು ಲೀಟರ್ ನೀರು ಆವಿಯಾದರೆ ಸುಮಾರು 1,600 ಲೀಟರ್ ಜಾಗ ಕೇಳುತ್ತದೆ. ಒಳಗೆ ಅಷ್ಟು ಜಾಗವಿಲ್ಲ, ಹಾಗಾಗಿ ಪ್ರೆಶರ್ ಜಿಗಿಯುತ್ತದೆ, ಅದೂ ಲೋಹ ಮೆತ್ತಗಾಗಿರುವ ಹೊತ್ತಿನಲ್ಲೇ. ಪುಣ್ಯಕ್ಕೆ ಸಿಡಿಯದೆ ಉಳಿದರೂ ತಣಿದ ಭಾಗ ಥಟ್ಟನೆ ಕುಗ್ಗಿ ಟ್ಯೂಬಿನ ತುದಿಗಳು ಅವನ್ನು ಹಿಡಿದಿಟ್ಟ ಟ್ಯೂಬ್ ಪ್ಲೇಟಿನಿಂದ ಸಡಿಲವಾಗಿ ಸೋರುತ್ತವೆ.

ಸರಿಯಾದ ಉತ್ತರ: ಮೊದಲು ಬೆಂಕಿ. ಆಯಿಲ್ ಅಥವಾ ಗ್ಯಾಸ್ ಆದರೆ ಬರ್ನರ್ ಆಫ್. ಬಗಾಸೋ (ಕಬ್ಬಿನ ಸಿಪ್ಪೆ) ಸೌದೆಯೋ ಆದರೆ ಇಂಧನದ ಫೀಡರ್ ನಿಲ್ಲಿಸಿ, ಬೆಂಕಿಗೆ ಗಾಳಿ ಊದುವ ಎಫ್‌ಡಿ ಫ್ಯಾನ್ ನಿಲ್ಲಿಸಿ. ಇಲ್ಲಿ ಇನ್ನೊಂದು ಮಾತನ್ನೂ ಸೇರಿಸಿದರೆ ಕೇಳುವವರಿಗೆ ಖುಷಿಯಾಗುತ್ತದೆ: ಒಲೆಯ ಮೇಲಿನ ಕೆಂಡ ಸ್ವಿಚ್ಚಿಗೆ ಆರುವುದಿಲ್ಲ, ಆ ಬಿಸಿ ಉಳಿದೇ ಇರುತ್ತದೆ, ಹಾಗಾಗಿ ಘನ ಇಂಧನದ ಬಾಯ್ಲರಿನಲ್ಲಿ ಇನ್ನಷ್ಟು ಎಚ್ಚರ ಬೇಕು. ಫೀಡ್ ಪಂಪ್ ಆಟೋದಲ್ಲಿದ್ದರೆ ಅದನ್ನೂ ಆಫ್ ಮಾಡಿ. ಸೇಫ್ಟಿ ವಾಲ್ವನ್ನು ಎಳೆಯಬೇಡಿ. ಪ್ರೆಶರ್ ದಿಢೀರನೆ ಬಿದ್ದರೆ ಒಳಗೆ ಉಳಿದ ನೀರು ಉಕ್ಕಿ ಕಾದ ಲೋಹಕ್ಕೆ ಬಡಿಯುತ್ತದೆ. ಶಿಫ್ಟ್ ಇನ್‌ಚಾರ್ಜಿಗೆ ಹೇಳಿ, ತಾನಾಗಿ ತಣಿಯಲು ಬಿಡಿ. ಒಳಗೆ ನೋಡಿ ಪರೀಕ್ಷೆಯಾಗುವವರೆಗೆ ಮತ್ತೆ ಹಚ್ಚುವ ಮಾತಿಲ್ಲ.

‘ಗ್ಲಾಸ್ ಬ್ಲಾಕ್ ಆಗಿರಬಹುದಲ್ಲ, ಮೊದಲು ಬ್ಲೋ ಮಾಡಿ ನೋಡ್ತೀನಿ’ ಎನ್ನುವವರು ತಮ್ಮನ್ನು ಜಾಣರೆಂದುಕೊಳ್ಳುತ್ತಾರೆ. ನೋಡಿ, ಆದರೆ ಬೆಂಕಿ ನಿಲ್ಲಿಸಿದ ಮೇಲೆ. ಗ್ಲಾಸಿನ ಡ್ರೈನ್ ಕಾಕ್ (ಚಿಕ್ಕ ನಲ್ಲಿ) ತೆರೆಯಿರಿ. ವಾಟರ್ ಕಾಕ್ ಮುಚ್ಚಿ, ಸ್ಟೀಮ್ ಜೋರಾಗಿ ಬರಬೇಕು. ವಾಟರ್ ಕಾಕ್ ತೆರೆದು ಸ್ಟೀಮ್ ಕಾಕ್ ಮುಚ್ಚಿ, ಈಗ ನೀರು ಬರಬೇಕು. ಕೊನೆಗೆ ಸ್ಟೀಮ್ ಕಾಕ್ ತೆರೆದು ಡ್ರೈನ್ ಮುಚ್ಚಿ. ನೀರು ಎಗರಿ ಮೇಲೆ ಬಂತೋ, ಗ್ಲಾಸ್ ಕಟ್ಟಿಕೊಂಡಿತ್ತು ಅಷ್ಟೇ. ನಷ್ಟ ಹತ್ತು ನಿಮಿಷದ ಸ್ಟೀಮು.

ತುಂಬಿದ ಗ್ಲಾಸೂ ಖಾಲಿ ಗ್ಲಾಸೂ ನೋಡಲು ಒಂದೇ ಥರ ಎಂಬುದನ್ನೂ ಮರೆಯಬೇಡಿ. ಎರಡರಲ್ಲೂ ನೀರಿನ ಗೆರೆ ಇರುವುದಿಲ್ಲ. ದುಂಡು ಗ್ಲಾಸಿನ ಹಿಂದೆ ಕಪ್ಪು-ಬಿಳಿ ಓರೆಗೆರೆಯ ತಗಡು ಇಟ್ಟಿರುವುದು ಅದಕ್ಕೇ. ನೀರಿರುವ ಕಡೆ ಗೆರೆಗಳು ಉಲ್ಟಾ ವಾಲಿದಂತೆ ಕಾಣುತ್ತವೆ, ನೀರಿಲ್ಲದ ಕಡೆ ಇದ್ದ ಹಾಗೇ. ಇದನ್ನು ತಾನಾಗಿ ಹೇಳಿದ ಹುಡುಗ ಗ್ಲಾಸಿನ ಮುಂದೆ ನಿಂತವನು ಎಂದು ಕೇಳುವವರಿಗೆ ಗೊತ್ತಾಗುತ್ತದೆ.

‘ಮೊಬ್ರೆ ಇದೆಯಲ್ಲ ಸರ್, ಅದೇ ಟ್ರಿಪ್ ಮಾಡುತ್ತೆ.’ ಮೊಬ್ರೆ ಎಂದರೆ ಫ್ಲೋಟಿನಿಂದ ನೀರಿನ ಮಟ್ಟ ನೋಡಿಕೊಳ್ಳುವ ಸ್ವಿಚ್ಚು. ಅದು ಟ್ರಿಪ್ ಮಾಡಬೇಕು, ನಿಜ. ಮೊಬ್ರೆ ಚೇಂಬರಿನಲ್ಲಿ ಕೆಸರು ಕೂತರೆ ಫ್ಲೋಟು ಮೇಲೇ ಸಿಕ್ಕಿಕೊಂಡು ‘ನೀರಿದೆ’ ಎಂದು ಸುಳ್ಳು ಹೇಳುತ್ತದೆ. ಪ್ರತಿ ಶಿಫ್ಟಿನಲ್ಲಿ ಅದರ ಡ್ರೈನ್ ಬಿಡಿ ಎನ್ನುವುದು ಇದಕ್ಕೇ. ಬಿಟ್ಟಾಗ ಮೊದಲು ಪಂಪ್ ಸ್ಟಾರ್ಟ್ ಆಗಬೇಕು, ಇನ್ನೂ ಇಳಿದಾಗ ಅಲಾರಂ ಕೂಗಿ ಬರ್ನರ್ ಟ್ರಿಪ್ ಆಗಬೇಕು. ಅಲಾರಂ ಕೂಗಿಯೂ ಬರ್ನರ್ ಓಡುತ್ತಿದ್ದರೆ ಯಾರೋ ಪ್ಯಾನಲ್ ಒಳಗೆ ವೈರ್ ಸೇರಿಸಿ ಬೈಪಾಸ್ ಮಾಡಿದ್ದಾರೆ ಎಂದೇ ಅನುಮಾನಿಸಿ.

ದಾಖಲೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಾಯ್ಲರ್ ಸರ್ಟಿಫಿಕೇಟ್, ಐಟಿಐ ಅಂಕಪಟ್ಟಿ, ಅಪ್ರೆಂಟಿಸ್ ಸರ್ಟಿಫಿಕೇಟ್ ಮೂರರದೂ ಅಸಲು ಪ್ರತಿ ಇರಲಿ. ಕಾಯ್ದೆ ಯಾವುದು ಎಂದರೆ 1923ರದ್ದು ಎನ್ನಬೇಡಿ. ಅದರ ಜಾಗಕ್ಕೆ 2025ರ ಬಾಯ್ಲರ್ ಕಾಯ್ದೆ ಬಂದಿದೆ.

ಹೆಚ್ಚಿನವರು ಕೇಳದ, ಆದರೆ ಕೇಳಬೇಕಾದ ಪ್ರಶ್ನೆ ಲಾಗ್‌ಶೀಟಿನದು, ಅಂದರೆ ಗಂಟೆಗಂಟೆಗೂ ಅಂಕಿ ಬರೆದಿಡುವ ಹಾಳೆಯದು. ಕೆಲವು ಕಡೆ ಹಳೆಯ ಲಾಗ್‌ಶೀಟ್ ಕೈಗೆ ಕೊಟ್ಟು ‘ಏನು ಕಾಣುತ್ತೆ ಹೇಳು’ ಎನ್ನುತ್ತಾರೆ. ಪ್ರೆಶರ್ ಕಾಲಮಿನಲ್ಲಿ ಎಂಟು ಗಂಟೆಯೂ 10.5, 10.5, 10.5 ಎಂದು ಒಂದೇ ಪೆನ್ನು, ಒಂದೇ ಓಟದ ಅಕ್ಷರ ಇದ್ದರೆ ಅದು ಶಿಫ್ಟ್ ಮುಗಿಯುವಾಗ ಕೂತು ತುಂಬಿದ್ದು. ಓಡುವ ಬಾಯ್ಲರಿನ ಪ್ರೆಶರ್ ಅಲುಗಾಡುತ್ತದೆ. ಇನ್ನು ಚಿಮಣಿ ಉಷ್ಣತೆಯ ಕಾಲಮ್. ಅದೇ ಲೋಡಿನಲ್ಲಿ ತಿಂಗಳ ಹಿಂದೆ 190 ಇದ್ದದ್ದು ಈಗ 234 ಆಗಿದ್ದರೆ ಟ್ಯೂಬಿನ ಹೊರಗೋ ಒಳಗೋ ಏನೋ ಕಟ್ಟಿದೆ: ಬೆಂಕಿ ಕಡೆ ಮಸಿ, ಇಲ್ಲವೇ ನೀರಿನ ಕಡೆ ಸುಣ್ಣದ ಪದರ. 22 ಡಿಗ್ರಿ ಏರಿಕೆಗೆ ಸುಮಾರು ಶೇ 1ರಷ್ಟು ಇಂಧನ ನಷ್ಟ ಎಂಬುದು ರೂಢಿಯ ಲೆಕ್ಕ. ಇಲ್ಲಿ ಶೇ 2 ಚಿಮಣಿಯಲ್ಲಿ ಹೋಗುತ್ತಿದೆ. ಮಸಿಯೋ ಸುಣ್ಣವೋ ತಿಳಿಯಲು ಅದೇ ಹಾಳೆಯಲ್ಲಿ ಸಾಫ್ಟ್‌ನರ್ ನೀರಿನ ಗಡಸುತನದ ಕಾಲಮ್ ನೋಡಿ. ಆ ಕಾಲಮ್ ಖಾಲಿ ಬಿಟ್ಟಿದ್ದರೆ ಅದನ್ನೂ ಬೆರಳಿಟ್ಟು ತೋರಿಸಿ.