ಪಾರ್ಕ್ ಬೆಳೆಸೋಕೆ ಪಕ್ಕದ ಹೊಲವೇ ಬೇಕಾ?

ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯ ಅಮ್ಯೂಸ್‌ಮೆಂಟ್ ಪಾರ್ಕ್ ಮಾಲೀಕರು ನನ್ನ ಹತ್ತಿರ ಬಂದರೆ ಮಾತು ಶುರುವಾಗುವುದೇ ಹೀಗೆ: "ಜಾಗ ಸಾಲವಲ್ದು ಸರ್. ಪಕ್ಕದ ಹೊಲದೋರು ಕೊಡಂಗಿಲ್ಲ ಅಂತಾರ." ನಾನು ಪಾರ್ಕ್‌ಗಳಿಗೆ ಲೇಔಟ್ ಹಾಕಿಕೊಡುವ ಸಿವಿಲ್ ಎಂಜಿನಿಯರ್. ಹೊಲದ ರೇಟು ಕೇಳುವ ಮೊದಲು ನಾನು ಬೇರೆ ಪ್ರಶ್ನೆ ಕೇಳುತ್ತೇನೆ. ನಿಮ್ಮ ಪಾರ್ಕ್ ದಿನಕ್ಕೆ ಎಷ್ಟು ಗಂಟೆ ತುಂಬಿರುತ್ತದೆ?

ಏಪ್ರಿಲ್, ಮೇ ಅಂದರೆ ಶಾಲೆಗೆ ರಜೆ. ವ್ಯಾಪಾರದ ಕಾಲ. ಬೆಳಿಗ್ಗೆ 11ಕ್ಕೆ ಗೇಟ್ ತೆಗೆಯುತ್ತಾರೆ. ಮಧ್ಯಾಹ್ನ ಬಿಸಿಲು 40 ಡಿಗ್ರಿ ದಾಟುತ್ತದೆ. ಕಬ್ಬಿಣದ ಸೀಟು ಮುಟ್ಟೋಕಾಗಲ್ಲ. ಆಪರೇಟರ್‌ಗಳು ಟಿಕೆಟ್ ಕೌಂಟರ್ ನೆರಳಲ್ಲಿ ಕೂತಿರುತ್ತಾರೆ. 5 ಗಂಟೆಗೆ ಬಿಸಿಲು ಇಳಿಯುತ್ತಿದ್ದ ಹಾಗೇ ಜನ ಒಮ್ಮೆಲೇ ಬರುತ್ತಾರೆ. ರಾತ್ರಿ 9 ಗಂಟೆಗೆ ಬಾಗಿಲು ಹಾಕುತ್ತಾರೆ. ಹತ್ತು ಗಂಟೆ ತೆರೆದ ಪಾರ್ಕಿನಲ್ಲಿ ನಿಜವಾಗಿ ದುಡಿಯುವುದು ನಾಲ್ಕು ಗಂಟೆ. ಆ ನಾಲ್ಕು ಗಂಟೆಯ ನೂಕಾಟ ನೋಡಿಯೇ ಮಾಲೀಕರಿಗೆ ಜಾಗ ಸಾಲದು ಅನ್ನಿಸುವುದು. ಇನ್ನೊಂದು ಎಕರೆ ಕೊಂಡರೆ ಆ ಎಕರೆಯೂ ಮಧ್ಯಾಹ್ನ ಬಿಸಿಲಲ್ಲಿ ಒಣಗುತ್ತದೆ, ಅಲ್ವಾ?

ಹಾಗಾಗಿ ನಮ್ಮ ಸೀಮೆಯಲ್ಲಿ ಪಾರ್ಕ್ ವಿಸ್ತರಣೆ ನೆರಳಿನಿಂದ ಶುರುವಾಗಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಡ್ಯಾಶಿಂಗ್ ಕಾರ್, ಚಿಕ್ಕ ಮಕ್ಕಳ ಟ್ರೈನ್, ಸಾಫ್ಟ್ ಪ್ಲೇ (ಚಿಕ್ಕವರಿಗೆ ಮೆತ್ತೆ ಹಾಸಿದ ಆಟದ ಜಾಗ), ಗೇಮ್ಸ್ ಇವೆಲ್ಲ ಒಂದೇ ಚಾವಣಿ ಕೆಳಗೆ ಬಂದರೆ ಮಧ್ಯಾಹ್ನ ಹಾಳಾಗುವ ಹೊತ್ತು ನಿಮಗೆ ವಾಪಸ್ ಸಿಗುತ್ತದೆ. ಒಂದು ಗುಂಟೆ ಕೂಡ ಕೊಳ್ಳಬೇಕಿಲ್ಲ. ಆದರೆ ಬರೀ ತಗಡು ಹೊದಿಸಿದರೆ ಒಳಗೆ ಇನ್ನೂ ಕಾವು. ಚಾವಣಿ ಎತ್ತರ ಇರಬೇಕು. ಬಿಸಿಗಾಳಿ ಹೊರಗೆ ಹೋಗಲು ತುದಿಯಲ್ಲಿ ಕಿಂಡಿ ಬಿಡಬೇಕು. ಮೇಲೆ ಬಿಸಿಲನ್ನು ತಿರುಗಿಸುವ ಬಿಳಿ ಬಣ್ಣ ಬೇಕು, ಕೆಳಗೆ ಶಾಖ ತಡೆಯುವ ಒಂದು ಪದರ ಬೇಕು. ಪಶ್ಚಿಮದ ಕಡೆ ಗೋಡೆಯೋ ಮರವೋ ಇರಲೇಬೇಕು, ಏಕೆಂದರೆ 3 ಗಂಟೆ ಮೇಲಿನ ಓರೆ ಬಿಸಿಲನ್ನು ಚಾವಣಿ ತಡೆಯುವುದಿಲ್ಲ. ರೈಡ್ ಹಾಕೋಕೆ ಅಡ್ಡ ಬರುತ್ತೆ ಅಂತ ಬೇವಿನ ಸಾಲು ಕಡಿಸಲು ಹೊರಟವರನ್ನು ನಾನು ಪ್ರತಿ ಸಲ ತಡೆಯುತ್ತೇನೆ. ದೊಡ್ಡ ಬೇವಿನ ಮರದ ಕೆಳಗೆ ಕೂತ ಕುಟುಂಬ ಇನ್ನೊಂದು ಗಂಟೆ ಪಾರ್ಕಿನಲ್ಲೇ ಇರುತ್ತದೆ, ಏನಾದರೂ ಕೊಂಡು ತಿನ್ನುತ್ತದೆ. ಆ ಮರ ಬೆಳೆಯೋಕೆ ಎಷ್ಟು ವರ್ಷ ಬೇಕು ಅಂತ ಇಲ್ಲಿಯವರಿಗೆ ನಾನು ಹೇಳಬೇಕಿಲ್ಲ.

ಜಾಗ ಬೆಳೆಯದಿದ್ದರೂ ಕಾಲ ಬೆಳೆಸಬಹುದು ಅನ್ನುವುದಕ್ಕೆ ಡೆನ್ಮಾರ್ಕ್‌ನ ಕೋಪನ್‌ಹೇಗನ್‌ನಲ್ಲಿರುವ ಟಿವೋಲಿ ಗಾರ್ಡನ್ಸ್ ಒಳ್ಳೆ ಉದಾಹರಣೆ. 1843ರಲ್ಲಿ ತೆರೆದ ಪಾರ್ಕ್ ಅದು. ವಿಸ್ತೀರ್ಣ ಸುಮಾರು 20 ಎಕರೆ. ಸುತ್ತಲೂ ನಗರ, ಪಕ್ಕದಲ್ಲೇ ರೈಲ್ವೆ ಸ್ಟೇಷನ್. ಬೆಳೆಯೋಕೆ ದಾರಿಯೇ ಇಲ್ಲ. ಬೇಸಿಗೆಯಲ್ಲಷ್ಟೇ ತೆರೆಯುತ್ತಿದ್ದ ಆ ಪಾರ್ಕ್ 1994ರಲ್ಲಿ ಕ್ರಿಸ್‌ಮಸ್ ಸೀಸನ್ನನ್ನೂ ಶುರು ಮಾಡಿತು. ಅವರಿಗೆ ಚಳಿ ಶತ್ರು, ನಮಗೆ ಬಿಸಿಲು. ನಮ್ಮಲ್ಲಿ ದಸರಾ ರಜೆ ಇದೆ, ಸಂಕ್ರಾಂತಿ ಇದೆ. ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆಗೆ ಲಕ್ಷಗಟ್ಟಲೆ ಜನ ಬರುತ್ತಾರೆ. ಆ ವಾರದಲ್ಲೂ ಮಾಮೂಲಿ ಹೊತ್ತಿಗೇ ಗೇಟ್ ತೆರೆದು ಮುಚ್ಚುವ ಪಾರ್ಕ್‌ಗಳನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ಎರಡನೆಯ ಲೆಕ್ಕ ಸ್ಟಾಪ್‌ವಾಚ್ ಹಿಡಿದು ಮಾಡುವಂಥದ್ದು. ಮಾಲೀಕರು ಇದನ್ನು ತಾವೇ ಮಾಡಬಹುದು. ಕೊಲಂಬಸ್ ದೋಣಿಯನ್ನೇ ತೆಗೆದುಕೊಳ್ಳಿ. 30 ಸೀಟು ಅಂದುಕೊಳ್ಳೋಣ. ತೂಗುವುದು 2 ನಿಮಿಷ. ಜನ ಇಳಿದು, ಹೊಸಬರು ಹತ್ತಿ, ಲ್ಯಾಪ್ ಬಾರ್ (ಕೂತವರು ಬೀಳದಂತೆ ತೊಡೆಯ ಮೇಲೆ ತರುವ ಕಂಬಿ) ಹಾಕಿ ಚೆಕ್ ಮಾಡುವುದಕ್ಕೆ 4 ನಿಮಿಷ. ಒಂದು ಸುತ್ತಿಗೆ 6 ನಿಮಿಷ ಆಯಿತು. ಗಂಟೆಗೆ 10 ಸುತ್ತು, 300 ಜನ. ಈಗ ಇಳಿಯುವವರಿಗೆ ಆ ಕಡೆ ಬೇರೆ ಗೇಟ್ ಮಾಡಿ. ಚಪ್ಪಲಿ, ಬ್ಯಾಗ್ ಇಡಲು ಹತ್ತುವ ಕಡೆಯೇ ರ‍್ಯಾಕ್ ಇಡಿ. ಮುಂದಿನ 30 ಜನರನ್ನು ಮೊದಲೇ ಎಣಿಸಿ ಒಳಗೆ ನಿಲ್ಲಿಸಿಕೊಳ್ಳಿ. ಇನ್ನೊಬ್ಬ ಆಪರೇಟರ್ ಹಾಕಿ. 4 ನಿಮಿಷದ ಕೆಲಸ ಎರಡೂವರೆ ನಿಮಿಷಕ್ಕೆ ಬಂದರೆ ಗಂಟೆಗೆ 13 ಸುತ್ತು, 390 ಜನ. ಅದೇ ದೋಣಿ, ಅದೇ ಅಡಿಪಾಯ, 90 ಜನ ಜಾಸ್ತಿ. ಲ್ಯಾಪ್ ಬಾರ್ ಎಳೆದು ನೋಡುವ ಕೆಲಸದಲ್ಲಿ ಮಾತ್ರ ಒಂದು ಸೆಕೆಂಡ್ ಕೂಡ ಉಳಿಸಬಾರದು. ಉಳಿತಾಯ ಎಲ್ಲ ನಡಿಗೆಯಲ್ಲಿ, ಗೊಂದಲದಲ್ಲಿ.

ಕ್ಯೂ ಕೂಡ ಜಾಗ ತಿನ್ನುತ್ತದೆ. ನಿಂತವರು ಎಲ್ಲೂ ಖರ್ಚು ಮಾಡುವುದಿಲ್ಲ, ನಡೆಯುವವರಿಗೂ ಅಡ್ಡ. ತಿರುಪತಿಗೆ ಹೋಗಿ ಬಂದವರಿಗೆ ಇಂಥ ಹೊತ್ತಿಗೆ ಬನ್ನಿ ಅಂತ ಕೊಡುವ ಟೈಮ್ ಸ್ಲಾಟ್ ಟೋಕನ್ ಏನು ಅಂತ ಹೇಳಿಕೊಡಬೇಕಿಲ್ಲ. ಬಳ್ಳಾರಿ ಜನ ಅದಕ್ಕೆ ಚೆನ್ನಾಗಿ ಒಗ್ಗಿದ್ದಾರೆ. ಜಾಸ್ತಿ ಬೇಡಿಕೆಯ ಒಂದೆರಡು ರೈಡಿಗೆ ಅದನ್ನೇ ಮಾಡಿದರೆ ಕ್ಯೂ ಕಟ್ಟೆ ಅರ್ಧಕ್ಕೆ ಇಳಿಯುತ್ತದೆ.

ಇನ್ನು ಪಾರ್ಕಿಂಗ್. ನನ್ನ ಪ್ರಕಾರ ಬಹಳ ಪಾರ್ಕ್‌ಗಳ ಬಚ್ಚಿಟ್ಟ ಎಕರೆ ಇದು. ಬಯಲಲ್ಲಿ ಒಂದು ಕಾರು ನಿಲ್ಲಿಸಲು, ಓಡಾಡುವ ದಾರಿಯೂ ಸೇರಿ, ಸುಮಾರು 23 ಚದರ ಮೀಟರ್ ಹಿಡಿಯುತ್ತೇವೆ. ಒಂದು ಗುಂಟೆ ಅಂದರೆ 101 ಚದರ ಮೀಟರ್. ಗುಂಟೆಗೆ ನಾಲ್ಕೇ ಕಾರು. 100 ಕಾರಿಗೆ 23 ಗುಂಟೆ, ಅರ್ಧ ಎಕರೆಗೂ ಮೇಲೆ! ಅಮೆರಿಕದ ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್ ಇದೇ ಲೆಕ್ಕ ಮಾಡಿತು. ಕಾರುಗಳಿಗೆ ಬಹುಮಹಡಿ ಕಟ್ಟಡ ಕಟ್ಟಿ, ಹಳೆಯ ಬಯಲು ಪಾರ್ಕಿಂಗ್ ಜಾಗದಲ್ಲಿ 2001ರಲ್ಲಿ ಎರಡನೆಯ ಪಾರ್ಕನ್ನೇ ತೆರೆಯಿತು. ನಮ್ಮಲ್ಲಿ ಬಹುಮಹಡಿ ಕಟ್ಟುವಷ್ಟು ದುಡ್ಡು ಇರುವುದಿಲ್ಲ, ನಿಜ. ಆದರೆ ನಮ್ಮಲ್ಲಿ ಜಾಸ್ತಿ ಬರುವುದು ಬೈಕು, ಆಟೊ. ಬೈಕುಗಳನ್ನು ಕಂಬಗಳ ಮೇಲಿನ ಸ್ಲ್ಯಾಬ್ ಕೆಳಗೆ ನಿಲ್ಲಿಸಿ, ಮೇಲೆ ಫುಡ್ ಕೋರ್ಟ್ ಮಾಡಬಹುದು. ತೂಗುವ, ತಿರುಗುವ ರೈಡನ್ನು ಆಮೇಲೆ ತಂದು ಆ ಸ್ಲ್ಯಾಬ್ ಮೇಲೆ ಕೂರಿಸಬೇಡಿ. ನಿಂತ ಭಾರ ಬೇರೆ, ಅಲುಗುವ ಭಾರ ಬೇರೆ. ಅದಕ್ಕೆ ಮೊದಲೇ ಡಿಸೈನ್ ಆಗಿರಬೇಕು.

ಡಿಸ್ನಿಲ್ಯಾಂಡ್‌ನ ಇನ್ನೊಂದು ಕೆಲಸ ನನಗೆ ಬಹಳ ಇಷ್ಟ. ಆ ಪಾರ್ಕ್ ಸುತ್ತ ಒಂದು ರೈಲು ಓಡುತ್ತದೆ, ಅದೇ ಅದರ ಗಡಿ. 1969ರಲ್ಲಿ ಭೂತದ ಮನೆ ಮಾಡುವಾಗ ಒಳಗೆ ಜಾಗ ಸಾಲಲಿಲ್ಲ. ಹಾಗಾಗಿ ಜನ ಒಂದು ಕೋಣೆಯಲ್ಲಿ ನಿಲ್ಲುತ್ತಾರೆ, ಕೋಣೆಯ ನೆಲ ಲಿಫ್ಟಿನಂತೆ ನಿಧಾನವಾಗಿ ಕೆಳಗಿಳಿಯುತ್ತದೆ. ಗೋಡೆ ಉದ್ದವಾಗುತ್ತಿದೆ ಅಂತ ಅವರಿಗೆ ಅನ್ನಿಸುತ್ತದೆ. ಆಮೇಲೆ ಹಳಿಯ ಕೆಳಗಿನ ದಾರಿಯಲ್ಲಿ ನಡೆದು ಗಡಿಯಾಚೆಯ ದೊಡ್ಡ ಕಟ್ಟಡ ಸೇರುತ್ತಾರೆ. ಜಾಗದ ತೊಂದರೆಯೇ ಅಲ್ಲಿ ಆಟವಾಯಿತು. ನಮ್ಮ ಪಾರ್ಕ್‌ಗಳ ಹಿಂಬದಿಯಲ್ಲಿ ಜನರೇಟರ್, ಗುಜರಿ, ಹಳೇ ಬೋರ್‌ವೆಲ್ ಅಂತ ಬಿಟ್ಟಿರುವ ಪಟ್ಟಿಗಳನ್ನು ಕಂಡಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ಎತ್ತರಕ್ಕೆ ಹೋಗಬಹುದಲ್ಲ ಅಂತ ಎಲ್ಲರೂ ಕೇಳುತ್ತಾರೆ. ಹೋಗಬಹುದು. ಟಿವೋಲಿಯಲ್ಲಿ 2006ರಲ್ಲಿ ಬಂದ, ಸರಪಳಿ ಉಯ್ಯಾಲೆಗಳು ತಿರುಗುತ್ತಾ ಏರುವ ಕಂಬ 80 ಮೀಟರ್ ಎತ್ತರ ಇದೆ, ನೆಲದ ಮೇಲೆ ಹಿಡಿಯುವ ಜಾಗ ತೀರಾ ಕಡಿಮೆ. ಆದರೆ ಇಲ್ಲಿ ಮೊದಲು ಮಣ್ಣು ನೋಡಬೇಕು. ನಿಮ್ಮದು ಕಪ್ಪು ಎರೆ ಭೂಮಿಯಾ, ಕೆಂಪು ಮಸಾರಿಯಾ? ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರುಕು ಬಿಡುತ್ತದೆ. ಮೇಲ್ಮಟ್ಟದ ಅಡಿಪಾಯ ಹಾಕಿದರೆ ಕಂಬ ವರ್ಷದಿಂದ ವರ್ಷಕ್ಕೆ ಅಲುಗುತ್ತದೆ. ಅಂಥ ಕಡೆ, ತೇವ ಏರಿಳಿಯದ ಆಳಕ್ಕೆ ಇಳಿಯುವ, ಬುಡದಲ್ಲಿ ಗಡ್ಡೆಯಂತೆ ಅಗಲವಾಗುವ ಅಂಡರ್ ರೀಮ್ಡ್ ಪೈಲ್ ಎಂಬ ಕಾಂಕ್ರೀಟ್ ಕಂಬ ಹಾಕುತ್ತೇವೆ. ಆಳವಾದ ಎರೆಯಲ್ಲಿ ಇದು ಕನಿಷ್ಠ 3.5 ಮೀಟರ್ ಇಳಿಯಬೇಕು. ಎತ್ತರದ ರೈಡಿಗೆ ಇನ್ನೂ ಆಳ ಬೇಕಾಗಬಹುದು, ಅದನ್ನು ಮಣ್ಣಿನ ಪರೀಕ್ಷೆಯೇ ಹೇಳಬೇಕು. ಮೇ ತಿಂಗಳ ಬಿರುಗಾಳಿಗೆ ಗಾಳಿಯ ವೇಗ ಅಳೆಯುವ ಯಂತ್ರ ಬೇಕು. ಮಿತಿ ದಾಟಿದ ಕೂಡಲೇ ಯಾರನ್ನೂ ಕೇಳದೆ ರೈಡ್ ನಿಲ್ಲಿಸುವ ಅಧಿಕಾರ ಆಪರೇಟರ್‌ಗೆ ಇರಬೇಕು. ತೋರಣಗಲ್ಲು ಕಡೆ ವಿಮಾನ ನಿಲ್ದಾಣ ಇರುವುದರಿಂದ ಎತ್ತರಕ್ಕೆ ಅನುಮತಿ ಬೇಕಾ ಅಂತಲೂ ವಿಚಾರಿಸಿಕೊಳ್ಳಿ.

ಬಂಡೆ ಇರುವ ಜಮೀನಾದರೆ ನಾನು ಮೇಲೆ ನೋಡುವ ಬದಲು ಕೆಳಗೆ ನೋಡುತ್ತೇನೆ. ಇಂಗ್ಲೆಂಡಿನ ಆಲ್ಟನ್ ಟವರ್ಸ್‌ನಲ್ಲಿ ಮರಗಳಿಗಿಂತ ಎತ್ತರ ಕಟ್ಟುವಂತಿರಲಿಲ್ಲ. ಅವರು ಬಂಡೆ ಒಡೆದು ಗುಂಡಿ ಮಾಡಿ 1994ರಲ್ಲಿ ನೆಮೆಸಿಸ್ ಎಂಬ ರೋಲರ್ ಕೋಸ್ಟರನ್ನು ಅದರೊಳಗೆ ಓಡಿಸಿದರು. ಕೋಸ್ಟರ್ ನಮಗೆ ದೂರದ ಮಾತು. ಹಳೇ ಕಲ್ಲು ಕ್ವಾರಿಯ ಗುಂಡಿಯಿರುವ ಜಮೀನು ನಮ್ಮಲ್ಲಿ ಬೇಕಾದಷ್ಟಿದೆ. ಮಳೆನೀರು ಹೊರಹಾಕುವ ವ್ಯವಸ್ಥೆ ಮಾಡಿ, ಅಂಚಿಗೆ ಗಟ್ಟಿ ಬೇಲಿ ಹಾಕಿದರೆ ತಂತಿಗೆ ಜೋತು ಜಾರುವ ಜಿಪ್‌ಲೈನ್‌ಗೋ ಬಂಡೆ ಹತ್ತುವ ಗೋಡೆಗೋ ಅದಕ್ಕಿಂತ ಒಳ್ಳೆಯ ಜಾಗ ಬೇರೆ ಇಲ್ಲ.

ಇಷ್ಟೆಲ್ಲ ಜಾಗ ಹುಡುಕುವಾಗ ಒಂದು ಕಡೆ ಮಾತ್ರ ಕೈ ಹಾಕಬಾರದು: ಬೆಂಕಿ ಬಿದ್ದಾಗ ಬೇಕಾಗುವ ದಾರಿಗೆ. ಗುಜರಾತಿನ ರಾಜ್‌ಕೋಟ್‌ನಲ್ಲಿ 2024ರ ಮೇ 25ರಂದು ಗೇಮ್ ಝೋನ್ ಒಂದಕ್ಕೆ ಬೆಂಕಿ ಬಿದ್ದು 25ಕ್ಕೂ ಹೆಚ್ಚು ಜನ ಸತ್ತರು. ಅದರಲ್ಲಿ ಮಕ್ಕಳೂ ಇದ್ದರು. ತಗಡಿನ ಶೆಡ್ಡು, ಒಳಗೆ ವೆಲ್ಡಿಂಗ್ ಕೆಲಸ, ಬೇಗ ಹೊತ್ತಿಕೊಳ್ಳುವ ಸಾಮಾನು, ಅಗ್ನಿಶಾಮಕ ಇಲಾಖೆಯ ಎನ್‌ಒಸಿ ಇಲ್ಲ. ನಾನು ಮೇಲೆ ಹೇಳಿದ ಚಾವಣಿಯ ಹಾಲ್ ಕಟ್ಟುವವರು ಈ ಹೆಸರನ್ನು ಮರೆಯಬಾರದು. ಎದುರುಬದುರು ಕನಿಷ್ಠ ಎರಡು ಬಾಗಿಲು ಬೇಕು. ಎರಡೂ ಹೊರಗೆ ತೆರೆಯಬೇಕು, ವ್ಯಾಪಾರದ ಹೊತ್ತಲ್ಲಿ ಬೀಗ ಇರಬಾರದು. ಜನ ಒಳಗಿರುವಾಗ ವೆಲ್ಡಿಂಗ್ ಮಾಡಿಸಬಾರದು. ಮುಖ್ಯ ಗೇಟಿನಿಂದ ಕೊನೆಯ ರೈಡಿನವರೆಗೆ ಅಗ್ನಿಶಾಮಕ ಗಾಡಿ ಬಂದು ತಿರುಗುವಷ್ಟು ದಾರಿಯನ್ನು ನಾನು ನಕ್ಷೆಯಲ್ಲಿ ಮೊದಲು ಕೆಂಪು ಬಣ್ಣದಲ್ಲಿ ಎಳೆಯುತ್ತೇನೆ. ಉಳಿದ ಜಾಗದಲ್ಲೇ ಎಲ್ಲ ಕೂರಬೇಕು. "ಭಾನುವಾರ ಒಂದಿನ ಅಷ್ಟೇ ಸರ್, ಒಂದು ಪಾಪ್‌ಕಾರ್ನ್ ಗಾಡಿ ಇಟ್ಕೋತೀವಿ" ಅಂತ ಕೇಳುತ್ತಾರೆ. ಭಾನುವಾರವೇ ಜನ ಜಾಸ್ತಿ ಇರುವುದು, ಅದಕ್ಕೇ ನಾನು ಒಪ್ಪುವುದಿಲ್ಲ.