ರೋಡ್‌ಸೈಡ್ ಅಸಿಸ್ಟೆನ್ಸ್: ಟಿಕ್ ಹಾಕೋದಾ, ಬಿಡೋದಾ?

ಇನ್ಶೂರೆನ್ಸ್ ಮುಗಿಯುವ ಹೊತ್ತಿಗೆ ಗಿರಾಕಿಗಳಿಂದ ವಾಟ್ಸಾಪ್‌ಗೆ ಸ್ಕ್ರೀನ್‌ಶಾಟ್ ಬರುತ್ತದೆ. "ಅಣ್ಣ, ಇಲ್ಲಿ ರೋಡ್‌ಸೈಡ್ ಅಸಿಸ್ಟೆನ್ಸ್ ಅಂತ ಒಂದಿದೆ, ಟಿಕ್ ಹಾಕ್ಲಾ ಬೇಡ್ವಾ?" ದಾರಿಯಲ್ಲಿ ಗಾಡಿ ಕೆಟ್ಟು ನಿಂತರೆ ಬಂದು ನೋಡುವ, ಆಗದಿದ್ದರೆ ಗ್ಯಾರೇಜ್‌ಗೆ ಸಾಗಿಸುವ (ಅದೇ ಟೋಯಿಂಗ್) ಸೇವೆ ಇದು. ನನ್ನ ಗ್ಯಾರೇಜ್ ಇರುವುದು ಹಾಸನದಲ್ಲಿ. ಶಿರಾಡಿ ಘಾಟಿಯಲ್ಲಿ ಕೈಕೊಟ್ಟ ಕಾರುಗಳಲ್ಲಿ ಎಷ್ಟೋ ನಮ್ಮಂಥವರ ಬಾಗಿಲಿಗೇ ಬಂದು ನಿಲ್ಲುತ್ತವೆ. ಹಾಗಾಗಿ ಈ ಪ್ರಶ್ನೆಗೆ ಒಂದು ಪದದಲ್ಲಿ ಉತ್ತರ ಕೊಡೋಕೆ ನನಗೆ ಆಗುವುದಿಲ್ಲ. ನಾನು ತಿರುಗಿ ಕೇಳುತ್ತೇನೆ: ನಿಮ್ಮದು ಯಾವ ಗಾಡಿ, ಯಾವ ದಾರಿಯಲ್ಲಿ ಓಡಿಸ್ತೀರಾ, ಈಗಾಗಲೇ ನಿಮ್ಮ ಹತ್ತಿರ ಏನೇನಿದೆ?

ಕೊನೆಯದನ್ನು ಯಾರೂ ನೋಡುವುದೇ ಇಲ್ಲ. ಹೊಸ ಕಾರಿಗೆ ಸಾಮಾನ್ಯವಾಗಿ ಕಂಪನಿಯವರೇ ವಾರಂಟಿ ಜೊತೆ ಕೆಲವು ವರ್ಷ ಈ ಸೇವೆ ಕೊಟ್ಟಿರುತ್ತಾರೆ. ಅದರ ಮೇಲೆ ಶೋರೂಂನವರು ಇನ್ಶೂರೆನ್ಸ್‌ನಲ್ಲೂ ಸೇರಿಸಿರುತ್ತಾರೆ, ಸರ್ವಿಸ್ ಪ್ಯಾಕೇಜ್ ಅಂತ ಇನ್ನೊಂದು ಕಾರ್ಡ್ ಬೇರೆ. ಒಂದೇ ಕೆಲಸಕ್ಕೆ ಮೂರು ಕಡೆ ದುಡ್ಡು. ಮೊದಲು ಡ್ಯಾಶ್‌ಬೋರ್ಡ್ ಖಾನೆಯಲ್ಲಿರುವ ಕಾಗದಗಳನ್ನೆಲ್ಲ ತೆಗೆದು ಓದಿ.

"ಫುಲ್ ಇನ್ಶೂರೆನ್ಸ್ ಇದೆ, ಟೋಯಿಂಗ್ ಅದರಲ್ಲೇ ಬರುತ್ತೆ ಬಿಡಿ" ಅನ್ನುವವರೂ ಇದ್ದಾರೆ. ಅರ್ಧ ನಿಜ. ಮಾಮೂಲಿ ಪ್ಯಾಕೇಜ್ ಪಾಲಿಸಿಯಲ್ಲಿ ಆಕ್ಸಿಡೆಂಟ್ ಆದರೆ ಹತ್ತಿರದ ಗ್ಯಾರೇಜ್‌ಗೆ ಸಾಗಿಸೋಕೆ ಕಾರಿಗೆ 1,500 ರೂಪಾಯಿ, ಬೈಕಿಗೆ 300 ರೂಪಾಯಿ ತನಕ ಕೊಡುತ್ತಾರೆ, ಅಷ್ಟೇ. ಸುಮ್ನೆ ಕೆಟ್ಟು ನಿಂತರೆ, ಅಂದರೆ ಕ್ಲಚ್ ಹೋಯಿತು, ಇಂಜಿನ್ ಹೀಟ್ ಆಯಿತು, ಸೆಲ್ಫ್ ತಗೊಳ್ತಾ ಇಲ್ಲ, ಇಂಥದ್ದಕ್ಕೆಲ್ಲ ಪಾಲಿಸಿಯಲ್ಲಿ ಬಿಡಿಗಾಸೂ ಇಲ್ಲ. ಆ ಟಿಕ್ ಇರುವುದೇ ಇದಕ್ಕೆ. ಇದನ್ನು ಬಳಸಿಕೊಂಡರೆ ಸಾಮಾನ್ಯವಾಗಿ ಕ್ಲೇಮ್ ಮಾಡದ ವರ್ಷಕ್ಕೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಅಂದರೆ ನೋ ಕ್ಲೇಮ್ ಬೋನಸ್‌ಗೂ ಪೆಟ್ಟು ಬೀಳುವುದಿಲ್ಲ.

ಹೈವೇಯಲ್ಲಿ ಇನ್ನೊಂದು ದಾರಿ ಇದೆ, 1033. ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ ಸಹಾಯವಾಣಿ ಇದು, ಕರೆಗೆ ದುಡ್ಡಿಲ್ಲ. ಟೋಲ್ ರಸ್ತೆಗಳಲ್ಲಿ ಕ್ರೇನ್, ಆಂಬುಲೆನ್ಸ್ ಎಲ್ಲ ಇಟ್ಟಿರುತ್ತಾರೆ. ಆದರೆ ಅವರ ಕೆಲಸ ರಸ್ತೆ ಖಾಲಿ ಮಾಡಿಸುವುದು. ನಿಮ್ಮ ಗಾಡಿಯನ್ನು ಪಕ್ಕಕ್ಕೋ ಹತ್ತಿರದ ಸುರಕ್ಷಿತ ಜಾಗಕ್ಕೋ ತಂದು ನಿಲ್ಲಿಸುತ್ತಾರೆ. ಅಲ್ಲಿಂದ ನಿಮ್ಮ ಊರಿನ ಸರ್ವಿಸ್ ಸೆಂಟರ್‌ವರೆಗೆ ತಂದು ಬಿಡಿ ಅಂದರೆ ಅದು ಅವರ ಬಾಬತ್ತಲ್ಲ.

ಇನ್ನು ಟಿಕ್ ಹಾಕಿದವರಿಗೆ, ಇಲ್ಲವೇ ಬೇರೆ ಕಂಪನಿಯಲ್ಲಿ ಈ ಸೇವೆಗೆ ಮೆಂಬರ್‌ಶಿಪ್ ತಗೊಂಡವರಿಗೆ ಬರುವವರು ಯಾರು? ನೀವು ಫೋನ್ ಮಾಡುವುದು ಎಲ್ಲೋ ದೂರದ ಕಾಲ್ ಸೆಂಟರ್‌ಗೆ. ಅವರು ಸಕಲೇಶಪುರದಲ್ಲೋ ಹಾಸನದಲ್ಲೋ ಟೋಯಿಂಗ್ ಗಾಡಿ ಇಟ್ಟುಕೊಂಡವನಿಗೆ ಫೋನ್ ಮಾಡುತ್ತಾರೆ. ಮೂರ್ನಾಲ್ಕು ಕಂಪನಿಗಳಿಗೆ ಅವನೊಬ್ಬನೇ ಗತಿ. ಹೆಸರು ಯಾವುದೇ ಇರಲಿ, ಘಾಟಿಗೆ ಬರುವ ಗಾಡಿ ಅದೇ! ಮಳೆಗಾಲದಲ್ಲಿ ದೋಣಿಗಲ್ ಹತ್ತಿರ ಮಣ್ಣು ಕುಸಿದು ಟ್ರಾಫಿಕ್ ನಿಂತರೆ ಯಾವ ಪ್ಲಾಟಿನಂ ಮೆಂಬರ್‌ಶಿಪ್ಪೂ ಅವನನ್ನು ಬೇಗ ತಲುಪಿಸುವುದಿಲ್ಲ. ಅದಕ್ಕೇ ಇನ್ಶೂರೆನ್ಸ್ ಜೊತೆ ಕೆಲವು ನೂರಕ್ಕೆ ಸಿಗುವುದನ್ನು ಬಿಟ್ಟು, ಬೇರೆ ಕಡೆ ಸಾವಿರಾರು ರೂಪಾಯಿ ಕೊಟ್ಟು ಕಾರ್ಡ್ ಮಾಡಿಸುವುದು ನನಗಂತೂ ದಂಡ ಅನ್ನಿಸುತ್ತದೆ.

ಆದರೆ ಆಟೋಮ್ಯಾಟಿಕ್ ಕಾರು ಇದ್ದರೆ ನನ್ನ ಮಾತು ಬದಲಾಗುತ್ತದೆ. ಮ್ಯಾನುಯಲ್ ಗಾಡಿ ಬ್ಯಾಟರಿ ಡೌನ್ ಆದರೆ ನಾಲ್ಕು ಜನ ತಳ್ಳಿ ಸ್ಟಾರ್ಟ್ ಮಾಡಬಹುದು, ನ್ಯೂಟ್ರಲ್‌ಗೆ ಹಾಕಿ ಹಗ್ಗ ಕಟ್ಟಿ ಎಳೆಯಲೂಬಹುದು. ಆಟೋಮ್ಯಾಟಿಕ್‌ನಲ್ಲಿ ಸಾಮಾನ್ಯವಾಗಿ ಇವೆರಡೂ ಆಗುವುದಿಲ್ಲ. ಟಾರ್ಕ್ ಕನ್ವರ್ಟರ್, ಸಿವಿಟಿ ಅನ್ನುವ ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ಗಳಲ್ಲಿ ಒಳಗೆ ಆಯಿಲ್ ಓಡಿಸುವ ಪಂಪ್ ತಿರುಗಬೇಕಾದರೆ ಇಂಜಿನ್ ಆನ್ ಇರಬೇಕು. ಇಂಜಿನ್ ಆಫ್ ಆಗಿರುವಾಗ ಚಕ್ರ ಉರುಳಿಸಿಕೊಂಡು ದೂರ ಎಳೆದರೆ ಒಳಗಿನ ಭಾಗಗಳು ಒಣಗಿಕೊಂಡೇ ತಿರುಗುತ್ತವೆ. ಹಾಗೆ ಜೀಪಿಗೆ ಹಗ್ಗ ಕಟ್ಟಿ ಘಾಟಿ ಹತ್ತಿಸಿಕೊಂಡು ಬಂದ ಒಂದು ಸಿವಿಟಿ ಕಾರಿನ ಡ್ರೈನ್ ಬೋಲ್ಟ್ ಬಿಚ್ಚಿದೆ. ಆಯಿಲ್ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು, ಸುಟ್ಟ ವಾಸನೆ, ಬೆರಳ ಮೇಲೆ ಉಜ್ಜಿ ನೋಡಿದರೆ ಮಿರಮಿರ ಮಿಂಚುವ ಲೋಹದ ಪುಡಿ. ಕೆಟ್ಟಿದ್ದದ್ದು ಬರೀ ಫ್ಯೂಯಲ್ ಪಂಪ್! ಎಳೆದು ತಂದ ತಪ್ಪಿಗೆ ಗೇರ್‌ಬಾಕ್ಸ್ ರಿಪೇರಿ ಲಕ್ಷ ದಾಟಿತು. ಇಂಥ ಗಾಡಿಗಳಿಗೆ, ಎಲೆಕ್ಟ್ರಿಕ್ ಕಾರುಗಳಿಗೂ, ನಾಲ್ಕೂ ಚಕ್ರ ಮೇಲೆತ್ತಿ ತರುವ ಫ್ಲ್ಯಾಟ್‌ಬೆಡ್ ಲಾರಿಯೇ ಬೇಕು. ಕಾಡಿನ ಮಧ್ಯೆ ನಿಂತು ನೀವೇ ಅದನ್ನು ಹುಡುಕಿ, ಬಾಡಿಗೆ ಚೌಕಾಸಿ ಮಾಡೋಕಾಗುತ್ತಾ?

ಪಂಚರ್ ವಿಷಯದಲ್ಲೂ ಒಂದು ಗುಟ್ಟಿದೆ. ಟೈರ್ ಸೇವೆ ಅಂದರೆ ಅವರ ಲೆಕ್ಕದಲ್ಲಿ ಬಹಳಷ್ಟು ಸಲ ನಿಮ್ಮ ಸ್ಟೆಪ್ನಿಯನ್ನು ಹಾಕಿಕೊಡುವುದು ಮಾತ್ರ. 2020ರ ನಿಯಮ ಬದಲಾವಣೆಯಿಂದ ಟ್ಯೂಬ್‌ಲೆಸ್ ಟೈರ್, ಗಾಳಿ ತೋರಿಸುವ ಸೆನ್ಸರ್, ಪಂಚರ್ ಕಿಟ್ ಇರುವ ಕಾರಿಗೆ ಸ್ಟೆಪ್ನಿ ಕೊಡಲೇಬೇಕು ಅಂತಿಲ್ಲ. ಡಿಕ್ಕಿ ತೆರೆದು ನೋಡಿ, ನಿಮ್ಮದರಲ್ಲಿ ಇದೆಯಾ? ಇಲ್ಲದಿದ್ದರೆ ಟೈರ್ ಪಕ್ಕದಲ್ಲಿ ಸೀಳಿದ ದಿನ ಟೋಯಿಂಗ್ ಒಂದೇ ದಾರಿ, ಪಂಚರ್ ಕಿಟ್ ಅಲ್ಲಿ ಕೆಲಸಕ್ಕೆ ಬರುವುದಿಲ್ಲ.

ಊರೊಳಗೆ ಓಡುವ ಸ್ಕೂಟರ್‌ಗೆ ಬೇಡವೇ ಬೇಡ. ಹಾಸನ ಬಿಟ್ಟು ಹೋಗದ, ಪರಿಚಯದ ಮೆಕ್ಯಾನಿಕ್ ಇರುವ ಹಳೇ ಮ್ಯಾನುಯಲ್ ಕಾರಿಗೂ ನಾನು ಹೇಳುವುದಿಲ್ಲ. ಆ ದುಡ್ಡಿಗೆ ಬೇರೆ ಗಾಡಿಯ ಬ್ಯಾಟರಿಯಿಂದ ಸ್ಟಾರ್ಟ್ ಮಾಡೋಕೆ ಒಂದು ಒಳ್ಳೆ ಜಂಪರ್ ಕೇಬಲ್ ತಗೊಳ್ಳಿ, ಮೂರು ನಾಲ್ಕು ವರ್ಷ ಆದ ಬ್ಯಾಟರಿಯನ್ನು ಮಳೆಗಾಲಕ್ಕೆ ಮುಂಚೆ ಚೆಕ್ ಮಾಡಿಸಿ. ವಾರಂಟಿ ಮುಗಿದ ಆಟೋಮ್ಯಾಟಿಕ್‌ನಲ್ಲಿ ಮಂಗಳೂರು ಬೆಂಗಳೂರು ಅಂತ ಓಡಾಡುವವರು, ರಾತ್ರಿ ಒಬ್ಬರೇ ಡ್ರೈವ್ ಮಾಡುವವರು, ಕಣ್ಣುಮುಚ್ಚಿ ಟಿಕ್ ಹಾಕಿ.

ಹಾಕುವ ಮುಂಚೆ ಒಂದು ಫೋನ್ ಮಾಡಿ ಕೇಳಿ: ಫ್ಲ್ಯಾಟ್‌ಬೆಡ್ ಕಳಿಸ್ತೀರಾ, ಎಷ್ಟು ಕಿಲೋಮೀಟರ್ ಫ್ರೀ, ಆ ಕಿಲೋಮೀಟರ್ ನನ್ನ ಕಾರು ನಿಂತ ಜಾಗದಿಂದ ಎಣಿಸೋದಾ, ನಿಮ್ಮ ಗಾಡಿ ಹೊರಟ ಜಾಗದಿಂದಲಾ? ವರ್ಷಕ್ಕೆ ಎಷ್ಟು ಸಲ? ಆಮೇಲೆ ಅವರ ನಂಬರ್, ಪಾಲಿಸಿ ನಂಬರ್ ಎರಡನ್ನೂ ಕಾಗದದ ಮೇಲೆ ಬರೆದು ಕಾರಲ್ಲೇ ಇಡಿ. ಆ್ಯಪ್ ನಂಬಿಕೊಂಡು ಕೂರಬೇಡಿ. ಘಾಟಿಯಲ್ಲಿ ಎಷ್ಟೋ ಕಡೆ ಇಂಟರ್ನೆಟ್ ಇರುವುದಿಲ್ಲ, ಸಿಗ್ನಲ್ ಇರುವ ತಿರುವಿನ ತನಕ ನಡೆದುಹೋಗಿ ಮಾಮೂಲಿ ಕಾಲ್ ಮಾಡಬೇಕಾಗುತ್ತದೆ.